ಗೂಬೆಗೂ ಬದನೆಕಾಯಿಗೂ ಬಿದ್ದ ಜಗಳ

ನನ್ನ ನಾದಿನಿಯನ್ನು ಮೆಚ್ಚಿಸುವುದು ಬಹಳ ಸುಲಭ. ನೀವು ಒಳ್ಳೆಯವರಾಗಿರಬೇಕಿಲ್ಲ, ಬುದ್ಧಿವಂತರಾಗಿರಬೇಕಿಲ್ಲ. ಒತ್ತಿದರೆ 'ಟೊಕ್' ಎಂದರೆ ಸಾಕು! 'ಟಕ್' ಎಂದಿರೋ, ಕೆಟ್ಟಿರಿ. 'ಚಟ್' ಎನ್ನುವುದನ್ನಂತೂ ಅವರು ಹೊಸ್ತಿಲೊಳಗೆ ಬಿಟ್ಟುಕೊಳ್ಳುವುದಿಲ್ಲ.

ಮನುಷ್ಯರ ವಿಷಯವಲ್ಲ ಇದು, ಕೀಬೋರ್ಡಿನದು. ಅವರು ನನ್ನ ಯಜಮಾನರ ಅಕ್ಕ. ಮನೆಯವರೆಲ್ಲ 'ಅಕ್ಕಾರು' ಎನ್ನುತ್ತೇವೆ. ಇಲ್ಲೇ ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತರಾಗಿ, ದಿಲ್‌ಸುಖ್‌ನಗರದ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದಾರೆ. ನಿವೃತ್ತರಾದ ಹೆಂಗಸರು ಏನು ಮಾಡುತ್ತಾರೆ? ಭಜನೆಗೆ ಹೋಗುತ್ತಾರೆ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಅಕ್ಕಾರೂ ಎಣ್ಣೆ ಹಚ್ಚುತ್ತಾರೆ, ಕೀಬೋರ್ಡಿನ ಸ್ವಿಚ್ಚುಗಳಿಗೆ! ಒಂದೊಂದು ಅಕ್ಷರದ ಕೆಳಗೂ ಒಂದು ಪುಟ್ಟ ಸ್ವಿಚ್ಚು ಇರುತ್ತದೆ. ಅದನ್ನು ಬಿಚ್ಚಿ, ಒಳಗಿನ ಸ್ಪ್ರಿಂಗು ತೆಗೆದು, ಮದರಂಗಿ ಕಡ್ಡಿಗಿಂತ ಸಣ್ಣ ಕುಂಚದಲ್ಲಿ ಗ್ರೀಸು ಸವರಿ ಮತ್ತೆ ಮುಚ್ಚಬೇಕು. ಬಿಚ್ಚಿದ್ದು ಉರುಳಿಹೋಗದಂತೆ ಇಡಲು ಗುಳಿಗುಳಿಯಾದ ಪಾತ್ರೆ ಬೇಕಲ್ಲ? ನನ್ನ ಪಡ್ಡಿನ ಹಂಚು ಮೇಲೆ ಹೋದದ್ದು ಹೋಯಿತು. "ಪಡ್ಡು ಏನ್ ಯಾವಾಗರ ಮಾಡಬಹುದವಾ" ಎಂದರು. ಆಮೇಲೆ ನಮ್ಮ ಮನೆಯಲ್ಲಿ ಪಡ್ಡು ಆಗಿಲ್ಲ.

ಅಕ್ಷರಗಳ ಮೇಲಿನ ಪ್ಲಾಸ್ಟಿಕ್ ಟೊಪ್ಪಿಗೆಗಳನ್ನು ಆಗಾಗ ಸೀಗೆಕಾಯಿಯೊಂದನ್ನು ಬಿಟ್ಟು ಪೂರ್ತಿ ಅಭ್ಯಂಜನ ಮಾಡಿಸುತ್ತಾರೆ. ಒಮ್ಮೆ ತೊಳೆದು, ತಾರಸಿಯಲ್ಲಿ ಹಳೆಯ ಸೀರೆ ಹಾಸಿ ಒಣಹಾಕಿದ್ದರು. ಪಕ್ಕದ ಮನೆಯಾಕೆ ಗೋಡೆಯ ಆಚೆಯಿಂದ ಇಣುಕಿ, "ಸಂಡಿಗಿ ಭಾಳ ಒಂದೇ ಅಳತಿ ಬಂದಾವಲ್ರೀ! ಯಾವ ಹಿಟ್ಟಿನವ್ರಿ?" ಎಂದು ಕೇಳಿದರು.

"ಪಿಬಿಟಿ" ಎಂದರು ಅಕ್ಕಾರು. ಅದು ಪ್ಲಾಸ್ಟಿಕ್ಕಿನ ಜಾತಿ.

"ಶುಗರ್ ಇದ್ದೋರು ತಿನ್ನಬಹುದೇನ್ರಿ?"

ಇನ್ನು ಅವರ ಟಿಪ್ಪಣಿಗಳು. ಬದುಕಿನಲ್ಲಿ ತಿಳಿದದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಚೂರುಚೂರಾಗಿ ಬರೆದು, ಒಂದಕ್ಕೊಂದು ಗಂಟು ಹಾಕಿದ್ದಾರೆ. ತೆರೆದರೆ ಜೇಡರ ಬಲೆಯಂಥ ಚಿತ್ರ ಮೂಡುತ್ತದೆ. ಒಂದು ದಿನ ಕುಕ್ಕರಿನ ಹೊಸ ಗ್ಯಾಸ್ಕೆಟ್ ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ. "ತಡಿ, ಬರದಿಟ್ಟೀನಿ" ಎಂದು ಕುಳಿತರು. ಗ್ಯಾಸ್ಕೆಟ್ಟಿನಿಂದ ರಬ್ಬರಿಗೆ ಹೋದರು, ರಬ್ಬರಿನಿಂದ ಕೇರಳಕ್ಕೆ, ಕೇರಳದಿಂದ ಮಳೆಗಾಲಕ್ಕೆ. ನಾನು ಬೇಳೆಯನ್ನು ಬರೀ ಪಾತ್ರೆಯಲ್ಲೇ ಬೇಯಿಸಿ, ಊಟ ಬಡಿಸಿ ಕರೆದಾಗ ಅವರಿನ್ನೂ ಕೊಡೆ ರಿಪೇರಿಯ ಹತ್ತಿರ ಇದ್ದರು. ಗ್ಯಾಸ್ಕೆಟ್ ಫ್ರಿಜ್ಜಿನ ಮೇಲಿತ್ತು.

ಇಂಥವರು ಇನ್ನೂ ಇದ್ದಾರೆಯೇ ಎಂದು ನೀವು ಕೇಳಬಹುದು. ಇದ್ದಾರೆ! ಈ ಊರಿನ ಕೀಬೋರ್ಡ್ ಹುಚ್ಚರದೇ ಒಂದು ಆನ್‌ಲೈನ್ ಗುಂಪಿದೆ. ಹೆಚ್ಚಿನವರು ಮಾದಾಪುರದ ಸಾಫ್ಟ್‌ವೇರ್ ಕಂಪನಿಗಳ ಹುಡುಗರು. ಯಾರಿಗೂ ಯಾರ ಹೆಸರೂ ಗೊತ್ತಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಚಿತ್ರ, ಅಷ್ಟೆ. ಅಕ್ಕಾರದು ಬದನೆಕಾಯಿ. ಅರವತ್ತು ದಾಟಿದ, ಎರಡೂ ಕೈ ತುಂಬ ಬಳೆ ತೊಡುವ ನಮ್ಮ ಅಕ್ಕಾರನ್ನು ಅಲ್ಲಿ ಎಲ್ಲರೂ 'ಬ್ರೋ' ಎನ್ನುತ್ತಾರೆ.

ಆ ಗುಂಪಿನಲ್ಲಿ ಅವರಿಗೊಬ್ಬ ವೈರಿ. ಅವನ ಚಿತ್ರ ಗೂಬೆ. ಜಗಳ ಏನಂತೀರಿ? ಕೀಬೋರ್ಡಿನ ಹೊಟ್ಟೆಯೊಳಗೆ ಸ್ಪಂಜು ಇಡಬೇಕೋ ಬೇಡವೋ! ಇಟ್ಟರೇನೇ ಸದ್ದು ದುಂಡಗಾಗುತ್ತದೆ ಎಂದು ಬದನೆಕಾಯಿ. ಸ್ಪಂಜು ಇಡುವುದೂ ತಬಲಾದೊಳಗೆ ಹತ್ತಿ ತುಂಬುವುದೂ ಒಂದೇ ಎಂದು ಗೂಬೆ. ಒಂದು ವರ್ಷ ದಿನಾ ಬೆಳಿಗ್ಗೆ ಚಹದ ಹೊತ್ತಿಗೆ ಇಂಗ್ಲಿಷಿನಲ್ಲಿ ಯುದ್ಧ. ಗೂಬೆ ತನ್ನ ಕೀಬೋರ್ಡಿನ ಸದ್ದು ರೆಕಾರ್ಡ್ ಮಾಡಿ ಹಾಕುವುದು, ಅಕ್ಕಾರು ಅದನ್ನು ಕೇಳಿ ಹಂಗಿಸುವುದು. ಬೈಗುಳಕ್ಕೆ ತಕ್ಕ ಉತ್ತರ ಹೊಳೆದ ದಿನ ಅಕ್ಕಾರು ಕೆಳಗಿಳಿದು ಬಂದು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುತ್ತಿದ್ದರು.

ಒಂದು ದಿನ ಗೂಬೆ ಮಾತು ನಿಲ್ಲಿಸಿತು. ವಾರ ಕಳೆಯಿತು, ತಿಂಗಳು ಕಳೆಯಿತು. ಅಕ್ಕಾರು ಖಾಸಗಿಯಾಗಿ ಬರೆದು ಕೇಳಿದರು, ಉತ್ತರವಿಲ್ಲ. ಉಪ್ಪಿಟ್ಟು ಒಂದನೇ ಸಲಕ್ಕೇ ಉಳಿಯತೊಡಗಿತು.

"ಬೇರೆ ಕೆಲಸ ಬಿದ್ದಿರಬೇಕ್ರಿ ಅಕ್ಕಾರ" ಎಂದೆ.

"ಕಡೀಕೆ ನಾ ಏನ್ ಬರದಿದ್ದೆ ಗೊತ್ತೇನು? 'ಬ್ರೋ, ಇನ್ನರ ಆ ಕೈಗೆ ವಿಶ್ರಾಂತಿ ಕೊಡು' ಅಂತ ಬರದಿದ್ದೆ. ಮನಸ್ಸಿಗೆ ಹಚ್ಕೊಂಡ್ನೋ ಏನೋ. ಸಣ್ಣ ಹುಡುಗ ಇರಬೇಕವಾ, ಯಾರ ಮಗನೋ ಏನೋ."

ಹೆಸರಿಲ್ಲ, ವಿಳಾಸವಿಲ್ಲ, ಇಷ್ಟು ದೊಡ್ಡ ಊರು. ಹುಡುಕುವುದು ಹೇಗೆ? ಅಕ್ಕಾರು ಗೂಬೆಯ ಹಳೆಯ ರೆಕಾರ್ಡಿಂಗುಗಳನ್ನೆಲ್ಲ ಮತ್ತೆ ಕೇಳಲು ಕುಳಿತರು. ಈ ಸಲ ಕೀಲಿಯ ಸದ್ದನ್ನಲ್ಲ, ಅದರ ಹಿಂದಿನದನ್ನು! ನನಗೂ ಕುತೂಹಲ ತಡೆಯಲಿಲ್ಲ. ಒಲೆ ಆರಿಸಿ ಹೋಗಿ ಪಕ್ಕದಲ್ಲಿ ಕುಳಿತೆ. ಒಂದರಲ್ಲಿ ಆಟೋ ಹಾರನ್. ಇನ್ನೊಂದರಲ್ಲಿ ಯಾರೋ ಸೀನಿದರು. ಮತ್ತೊಂದರಲ್ಲಿ, ಟಕಟಕದ ನಡುವೆ, ದೂರದಿಂದ ಒಬ್ಬ ಹೆಂಗಸಿನ ದನಿ: "ಚಾ ಆರಾಕತ್ತೈತಿ, ಬರ್ರಿ ಇನ್ನ!"

ಅಕ್ಕಾರು ಎದ್ದು ನಿಂತೇಬಿಟ್ಟರು. "ಅಯ್ಯ, ಇಂವ ನಮ್ಮ ಕನ್ನಡದಾಂವನ ಅದಾನಲ್ಲ! ಮತ್ತ ಇಷ್ಟ ದಿನಾ ಇಂಗ್ಲಿಷಿನ್ಯಾಗ ಯಾಕ ಕಷ್ಟಪಟ್ಟು ಬೈದಾಡಿದಿವಿ?"

ಆದರೆ ನನ್ನ ಕಿವಿ ಬೇರೆಯದನ್ನು ಹಿಡಿದಿತ್ತು. ಆ ದನಿಯ ಹಿಂದೆ ಒಂದು ಗರಗರ, ಅದರ ಮೇಲೆ ಎರಡು ಏಟು, ಸ್ವಲ್ಪ ತಡೆದು ಇನ್ನೊಂದು ಏಟು. ಅದು ನನಗೆ ಗೊತ್ತು! ನಾನು ಜೋಳ ಬೀಸಿಸುವ ಗಿರಣಿ ಅದು. ಹಿಟ್ಟು ಕೊಡವಲು ಗಿರಣಿಯವನು ಬಟ್ಟೆಯ ಚೀಲಕ್ಕೆ ಹಾಗೇ ಬಡಿಯುತ್ತಾನೆ. ಡಬ್ಬಿ ಹಿಡಿದು ಅಲ್ಲಿ ನಿಂತೂ ನಿಂತೂ ನನಗೆ ಆ ತಾಳ ಬಾಯಿಪಾಠವಾಗಿದೆ.

ಮೂರು ಗಲ್ಲಿ ಆಚೆ ಹೋಗಿ ಗಿರಣಿಯವನನ್ನು ಕೇಳಿದೆವು. ಇಲ್ಲೆಲ್ಲಾದರೂ ಕನ್ನಡದವರ ಮನೆ, ದಿನವಿಡೀ ಟೈಪ್ ಮಾಡುವ ಹುಡುಗ...? ಅವನು ಮುಖದ ಹಿಟ್ಟು ಒರೆಸಿಕೊಂಡು, "ಟಕಟಕ ಸಾರ್ ಆ? ಪೈನೇ ಉಂಟಾರಮ್ಮಾ" ಎಂದು ತೆಲುಗಿನಲ್ಲಿ ಹೇಳಿ, ಗಿರಣಿಯ ಮೇಲಿನ ಮನೆ ತೋರಿಸಿದ.

ಬಾಗಿಲು ತೆರೆದಾಕೆಯದು ಅದೇ ಚಹದ ದನಿ. ಒಳಗೆ ಕುರ್ಚಿಯಲ್ಲಿ ಕುಳಿತವರು ಹುಡುಗರಲ್ಲ. ತಲೆ ಪೂರ್ತಿ ಬೆಳ್ಳಗಾದ ಯಜಮಾನರು. ಹಿಂದಿನ ಕಪಾಟಿನ ತುಂಬ ಕೀಬೋರ್ಡುಗಳು. ಅಕ್ಕಾರು ಹೇಗೋ ತಾವು ಕೀಬೋರ್ಡ್ ಗುಂಪಿನವರೆಂದು ತಿಳಿಸಿದರು. ಆತ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ನೀವು... ಬದನಿಕಾಯಿ ಏನ್ರಿ?"

"ಹೌದ್ರಿ. ನೀವು ಗೂಬಿ ಅಲ್ಲೇನ್ರಿ?"

"ಹೌದ್ರಿ, ಹೌದ್ರಿ. ಬರ್ರಿ, ಕೂಡ್ರಿ. ಏ, ಚಾ ಇಡು!"

ಒಂದು ವರ್ಷ ಒಬ್ಬರನ್ನೊಬ್ಬರು ಹರಿದು ತಿಂದವರು ಇವರೇ ಎಂದರೆ ಯಾರು ನಂಬುತ್ತಾರೆ? "ಸ್ಪಂಜಿಂದು ನೀವು ಹೇಳೂದೂ ಖರೇನ ಐತ್ರಿ." "ಇಲ್ಲಿಲ್ರಿ, ನಿಮ್ಮ ಮಾತಿನ್ಯಾಗೂ ಅರ್ಥ ಐತ್ರಿ." ನನಗೇ ಬೇಸರವಾಯಿತು. ಆಗ ಗಮನಿಸಿದೆ: ಚಹದ ಕಪ್ಪನ್ನು ಅವರು ಎಡಗೈಯಲ್ಲಿ ಹಿಡಿದಿದ್ದರು. ಬಲಗೈ, ಯಾರೋ ಕೊಟ್ಟುಹೋದ ಗಂಟಿನ ಹಾಗೆ ಮಡಿಲಲ್ಲಿ ಬಿದ್ದಿತ್ತು.

"ಲಕ್ವಾ ಹೊಡೀತ್ರಿ" ಎಂದರು ಅವರ ಹೆಂಡತಿ.

ಅಕ್ಕಾರು ಚಹದ ಕಪ್ಪನ್ನು ಕೆಳಗಿಟ್ಟರು. "ನಾ ಹಂಗ ಬರೀಬಾರದಾಗಿತ್ತು..."

"ಏ, ನೀವು ಬರದಿದ್ದು ನಾ ದವಾಖಾನಿಯೊಳಗ ಓದಿದೆನ್ರಿ. ನಕ್ಕೆ. ಅದಕ್ಕ ಉತ್ತರಾನೂ ಅಲ್ಲೇ ತಯಾರ್ ಮಾಡ್ಕೊಂಡಿದ್ದೆ. ಬರಿಯಾಕ ಕೈ ಬರಲಿಲ್ಲ. ಇಕಿಗೆ ಬರಕೊಡು ಅಂದ್ರ, ಗುರ್ತಿಲ್ಲದವರಿಗೆ ಇಂಥಾ ಮಾತು ನಾ ಬರಿಯಂಗಿಲ್ಲ ಅಂದ್ಲು. ಒಂದ ಕೈಲೆ ತಿಣಕ್ಯಾಡಿ ಬರದ್ರ ಹುಡುಗರಿಗೆ ಗೊತ್ತಾಗತೈತಿ. ಅಯ್ಯೋ ಪಾಪ ಅಂತಾರ. ಅದೊಂದು ಬ್ಯಾಡ್ರಿ ನನಗ."

ಅಕ್ಕಾರು ಎದ್ದು, ಮೇಜಿನ ಮೇಲೆ ಧೂಳು ಹಿಡಿದಿದ್ದ ಕೀಬೋರ್ಡನ್ನು ಸೆರಗಿನಿಂದ ಒರೆಸಿದರು. ಅದೇ, ಸ್ಪಂಜಿಲ್ಲದ್ದು! ಬಳೆ ಮೇಲಕ್ಕೇರಿಸಿ ಎದುರು ಕುಳಿತರು.

"ಹೇಳ್ರಿ. ಯಾರಿಗೂ ಗೊತ್ತಾಗಂಗಿಲ್ಲ."

ಆತ ಮೊದಲು ತಡವರಿಸಿದರು. ಆಮೇಲೆ ಬಾಯಿ ಬಂತು ನೋಡಿ! ಅವರು ಕನ್ನಡದಲ್ಲಿ ಹೇಳುವುದು, ಅಕ್ಕಾರು ತಮ್ಮನ್ನು ತಾವೇ ಇಂಗ್ಲಿಷಿನಲ್ಲಿ ಬೈದುಕೊಳ್ಳುವುದು. 'ಈ ಬದನೆಕಾಯಿಗೆ ಕಿವಿ ಎನ್ನುವುದೇ ಇಲ್ಲ' ಎಂಬ ಸಾಲು ಬಂದಾಗ ನಾನು ತಡೆಯಲಾರದೆ ಬಾಯಿ ತೆರೆದೆ. ಅಕ್ಕಾರು ನನ್ನತ್ತ ಕಣ್ಣು ಬಿಟ್ಟು, ಅಷ್ಟನ್ನೂ ಬರೆದರು.

"ಸ್ವಲ್ಪ ಜಾಸ್ತಿ ಆತೇನ್ರಿ?"

"ಇಲ್ರಿ, ಸಪ್ಪಗೈತಿ. ಇನ್ನೊಂದು ಸಾಲು ಹಾಕ್ರಿ."

ಆತ ಗಟ್ಟಿಯಾಗಿ ನಕ್ಕರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ತಟ್ಟೆ ಒರೆಸುವುದನ್ನು ನಿಲ್ಲಿಸಿ ಅವರನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ, ಬೇಕೋ ಬೇಡವೋ ಎಂದು ಕೇಳದೆ ಮತ್ತೊಂದು ಸಲ ಚಹ ಇಟ್ಟರು.

ಮೆಟ್ಟಿಲಿಳಿಯುವಾಗ ಅಕ್ಕಾರು ದಾಪುಗಾಲು ಹಾಕುತ್ತಿದ್ದರು. "ಲಗೂ ನಡಿ. ಕಿವಿ ಇಲ್ಲಂತ ನನಗ! ಮನೀಗೆ ಹೋಗಿ ಸರಿಯಾಗಿ ಉತ್ತರ ಕೊಡ್ತೀನಿ."

"ಆಮ್ಯಾಲೆ ಅವರು ಏನ್ ಮಾಡಬೇಕ್ರಿ?"

"ಅವರೂ ಬಿಡ್ತಾರೇನು? ನಾಳೆ ಮುಂಜಾನೆ ಬಂದು ಬರಕೊಡ್ತೀನಲ್ಲ!"