ನನ್ನ ಅಂಗಿ ತೊಟ್ಟು ಸತ್ತವನು

ಐವತ್ತು ದಾಟಿದ ಮೇಲೆ ಮನುಷ್ಯ ಅಕ್ಕಪಕ್ಕದವರನ್ನು ನೋಡುವ ರೀತಿಯೇ ಬದಲಾಗುತ್ತದೆ. ಮೊದಲೆಲ್ಲ ಯಾರ ಮನೆಯಲ್ಲಿ ಏಣಿ ಇದೆ, ಯಾರು ಕೇಳಿದ ತಕ್ಷಣ ಕೊಡುತ್ತಾರೆ ಎಂಬಷ್ಟೇ ನನಗೆ ಬೇಕಾಗಿತ್ತು. ಈಗ ಲಿಫ್ಟಿನಲ್ಲಿ ಯಾರಾದರೂ ಎದುರಾದರೆ, ನಾನು ಇಲ್ಲೇ ಕುಸಿದರೆ ಈ ಪುಣ್ಯಾತ್ಮ ಏನು ಮಾಡಿಯಾನು ಎಂದು ಯೋಚಿಸುತ್ತೇನೆ. ಇದಕ್ಕೆಲ್ಲ ಕಾರಣ ಹೆಬ್ಬಾಳದ ಒಬ್ಬ ಡಾಕ್ಟರು. ನನ್ನ ಇ.ಸಿ.ಜಿ. ಕಾಗದವನ್ನು ಬೆಳಕಿಗೆ ಹಿಡಿದು, ಸೀರೆಯ ಅಂಚು ನೋಡುವವರ ಹಾಗೆ ಆ ಕಡೆ ಈ ಕಡೆ ತಿರುಗಿಸಿ, ಹೆದರುವಂಥದ್ದೇನಿಲ್ಲ, ದಿನಾ ನಿಧಾನವಾಗಿ ನಡೆಯಿರಿ, ಟೆನ್ಷನ್ ಮಾಡಿಕೊಳ್ಳಬೇಡಿ ಎಂದರು. ಡಾಕ್ಟರೇ ಬಾಯಿಬಿಟ್ಟು ಹೆದರಬೇಡಿ ಎಂದ ಮೇಲೂ ಹೆದರದೆ ಇರುವ ಗಂಡಸು ನಾನಲ್ಲ.

ತಣಿಸಂದ್ರದ ನಮ್ಮ ಅಪಾರ್ಟ್‌ಮೆಂಟಿನ ಸಂಘಕ್ಕೆ ನಾನೇ ಕಾರ್ಯದರ್ಶಿ. ನೀರಿನ ಟ್ಯಾಂಕರು ಬರದಿದ್ದಾಗ ಬೈಸಿಕೊಳ್ಳುವುದು ಬಿಟ್ಟರೆ ಆ ಹುದ್ದೆಯಿಂದ ನನಗೆ ಬೇರೆ ಸುಖವಿರಲಿಲ್ಲ. ಹಾಗಾಗಿ ಸಾರ್ವಜನಿಕ ಹಿತಕ್ಕೆಂದು ಹೇಳಿ ಒಂದು ಭಾನುವಾರ ಕಟ್ಟಡದ ಮುಂದಿನ ಅಂಗಳದಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಇಡಿಸಿದೆ. ಹಿತ ಯಾರದೆಂಬುದು ನನ್ನ ಹೆಂಡತಿ ವನಜಳಿಗೆ ಮಾತ್ರ ಗೊತ್ತಿತ್ತು.

ಕಲಿಸಲು ಬಂದವಳು ಶಿಲ್ಪಾ ಎಂಬ ಚುರುಕು ಹುಡುಗಿ. ಸೊಂಟದವರೆಗೆ ಮಾತ್ರ ಇದ್ದ ಒಂದು ರಬ್ಬರ್ ಗೊಂಬೆಯನ್ನೂ ಒಂದು ಕೆಂಪು ಡಬ್ಬಿಯನ್ನೂ ತಂದಿದ್ದಳು. ಆ ಡಬ್ಬಿ, ನಿಂತ ಹೃದಯಕ್ಕೆ ಶಾಕ್ ಕೊಡುವ ಯಂತ್ರದ ಅಭ್ಯಾಸದ ಮಾದರಿಯಂತೆ. ಇದರಲ್ಲಿ ಕರೆಂಟು ಬರುವುದಿಲ್ಲ, ಏನು ಮಾಡಬೇಕೆಂದು ಬಾಯಲ್ಲಿ ಹೇಳುತ್ತದೆ ಅಷ್ಟೇ ಎಂದಳು. ನಮ್ಮ ಸಂಘದ ಸಭೆಗಳಲ್ಲಿ ಅಂಥ ಯಂತ್ರಗಳು ಬೇಕಾದಷ್ಟಿವೆ, ನಾನೂ ಸೇರಿ. ಗೊಂಬೆಗೆ ತೊಡಿಸಲು ಹಳೆಯ ಶರ್ಟ್ ಬೇಕು, ಕತ್ತರಿಸಬೇಕಾಗುತ್ತದೆ ಎಂದದ್ದೇ ತಡ, ವನಜ ಮೇಲೆ ಓಡಿದಳು. ತಂದದ್ದು ನನ್ನ ನೀಲಿ ಚೌಕಳಿಯ ಅರ್ಧ ತೋಳಿನ ಅಂಗಿ! ಕಾಲರು ಸವೆದಿದೆ, ನೆಲ ಒರೆಸಲು ತೆಗೆದುಕೊಳ್ಳುತ್ತೇನೆ ಎಂದು ಅವಳೂ, ಇನ್ನೂ ಗಟ್ಟಿಯಾಗಿದೆ ಎಂದು ನಾನೂ ವರ್ಷಗಟ್ಟಲೆ ಜಗ್ಗಾಡಿದ ಅಂಗಿ ಅದು. ಎಲ್ಲರೆದುರು ಏನು ಹೇಳಲಿ? ಜಮಖಾನದ ಮೇಲೆ ಗೊಂಬೆ ನನ್ನ ಅಂಗಿ ತೊಟ್ಟು ಬಾಯಿ ಅರೆ ತೆರೆದು ಮಲಗಿದಾಗ, ನೆರೆದವರೆಲ್ಲ ಒಮ್ಮೆ ಅದನ್ನೂ ಒಮ್ಮೆ ನನ್ನನ್ನೂ ನೋಡಿದರು.

ಮೊದಲ ಸರದಿ ಅಧ್ಯಕ್ಷರಾದ ಕೃಷ್ಣಪ್ಪನವರದು. ಈ ಕಟ್ಟಡ ಏಳುವ ಮೊದಲು ಇದೇ ಜಾಗದಲ್ಲಿ ರಾಗಿ ಬೆಳೆದ ಹಿರಿಯರು, ಅವರು ಹೇಳಿದರೆ ಮುಗಿಯಿತು. ಕಾರ್ಯದರ್ಶಿಗಳ ಅಂಗಿ ಎಂಬ ದಾಕ್ಷಿಣ್ಯಕ್ಕೆ ಕತ್ತರಿ ಮುಟ್ಟದೆ, ಒಂದೊಂದೇ ಗುಂಡಿ ಬಿಚ್ಚಿ, ಡಬ್ಬಿಯ ಎರಡು ಅಂಟುಪಟ್ಟಿಗಳನ್ನು ಎದೆಗೆ ಅಂಟಿಸಿದರು. ರೋಗಿಯನ್ನು ಯಾರೂ ಮುಟ್ಟಬೇಡಿ, ಮಿನುಗುವ ಬಟನ್ ಒತ್ತಿ ಎಂದು ಡಬ್ಬಿ ಇಂಗ್ಲಿಷಿನಲ್ಲಿ ಅಪ್ಪಣೆ ಕೊಡಿಸಿತು. ಬೆರಳು ಚಾಚಿದ ಕೃಷ್ಣಪ್ಪನವರು ಅರ್ಧಕ್ಕೇ ನಿಲ್ಲಿಸಿ ತಲೆಯೆತ್ತಿ ಸೂರ್ಯನನ್ನು ನೋಡಿದರು.

“ಉತ್ತರಕ್ಕೆ ತಲೆ ಆಕಿ ಮಲಗ್ಸಿದೀರಲ್ಲಮ್ಮ. ಇಂಗಾದ್ರೆ ಬದುಕೋನೂ ಬದುಕಲ್ಲ.”

ಅಲ್ಲಿಯವರೆಗೆ ಅದು ಯಾರಿಗೂ ಹೊಳೆದಿರಲಿಲ್ಲ. ಹೊಳೆದ ಮೇಲೆ ಸುಮ್ಮನಿರಲು ಯಾರಿಂದಲೂ ಆಗಲಿಲ್ಲ. ನಾಲ್ಕೈದು ಜನ ಸೇರಿ ಜಮಖಾನದ ಸಮೇತ ರೋಗಿಯನ್ನು ತಿರುಗಿಸತೊಡಗಿದರು. ಸರಿಯಾದ ಪೂರ್ವ ಜನರೇಟರಿನ ಕಡೆಯೋ ಗೇಟಿನ ಕಡೆಯೋ ಎಂಬ ಚರ್ಚೆ ಎದ್ದಿತು. ಒಬ್ಬರು ಮೊಬೈಲಿನಲ್ಲಿ ದಿಕ್ಸೂಚಿ ತೆಗೆದರು. ಈ ಎಳೆದಾಟದಲ್ಲಿ ಪಟ್ಟಿಗಳು ಕಿತ್ತು ಬಂದು, ಪಟ್ಟಿ ಅಂಟಿಸಿ, ಪಟ್ಟಿ ಅಂಟಿಸಿ ಎಂದು ಡಬ್ಬಿ ಗೋಗರೆಯುತ್ತಿತ್ತು. ಅಂತೂ ತಲೆ ಪೂರ್ವಕ್ಕೆ ಬಂತು, ಪಟ್ಟಿ ಮತ್ತೆ ಎದೆಗೆ ಬಂತು. ಆಗ ಕೃಷ್ಣಪ್ಪನವರು ಹಿಂದೆ ಸರಿದು, ಕಾರ್ಯಕ್ರಮ ಮಾಡಿಸಿದವರು ಕಾರ್ಯದರ್ಶಿಗಳು, ಬಟನ್ ಅವರ ಕೈಯಿಂದಲೇ ಆಗಲಿ ಎಂದರು. ಯಾರೋ ಫೋಟೋಗೆ ಮೊಬೈಲು ಎತ್ತಿ ಹಿಡಿದರು. ಮಲಗಿರುವುದು ನಾನೇ, ಹೋಗುತ್ತಿರುವುದು ನನ್ನದೇ ಪ್ರಾಣ. ಆದರೂ ನನ್ನ ಹಾಳು ನಾಲಿಗೆ ರೂಢಿಯಂತೆ, ಛೆ ಛೆ, ಹಿರಿಯರು ನೀವಿರುವಾಗ ನಾನೆಲ್ಲಿ ಎಂದುಬಿಟ್ಟಿತು. ಅವರು ಇಲ್ಲ ನೀವು ಎಂದರು, ನಾನು ಇಲ್ಲ ನೀವು ಎಂದೆ.

ಶಿಲ್ಪಾ ಗಡಿಯಾರ ನೋಡಿ ಮೆಲ್ಲಗೆ ಹೇಳಿದಳು, “ಸಾರ್, ಪೇಷೆಂಟ್ ಹೋಗ್ಬಿಟ್ರು.”

ಎಲ್ಲರೂ ನನ್ನ ಕಡೆ ಮರುಕದಿಂದ ನೋಡಿದರು. ನನಗೆ ನಿಜವಾಗಿಯೂ ದುಃಖವಾಯಿತು.

ಶಿಲ್ಪಾ ಪಟ್ಟಿ ಕಿತ್ತು, ಅಂಗಿಯ ಗುಂಡಿಗಳನ್ನು ಮತ್ತೆ ಹಾಕಿದಳು. ಮುಂದಿನ ಸರದಿ ವನಜಳದು. ಅವಳು ದಿಕ್ಕು ನೋಡಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಕತ್ತರಿ ತೆಗೆದುಕೊಂಡು ನನ್ನ ಅಂಗಿಯನ್ನು ಕೆಳಗಿನಿಂದ ಕಾಲರಿನವರೆಗೆ ಕರಕರ ಕತ್ತರಿಸಿದಳು. ಪಟ್ಟಿ ಅಂಟಿಸಿ, ಅಧ್ಯಕ್ಷರನ್ನೂ ಸೇರಿಸಿ ಎಲ್ಲರನ್ನೂ ದೂರ ಸರಿಸಿ, ಬಟನ್ ಒತ್ತಿ, ಡಬ್ಬಿ ಹೇಳಿದ್ದೇ ತಡ ಎದೆ ಒತ್ತಲು ಕುಳಿತೇಬಿಟ್ಟಳು. ಗೊಂಬೆ ಬದುಕಿತು. ಶಿಲ್ಪಾ ಸೂಪರ್ ಆಂಟಿ ಎಂದಳು, ಜನ ಚಪ್ಪಾಳೆ ತಟ್ಟಿದರು, ನನ್ನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಇವಳ ಮೇಲೆ ಸುಮ್ಮನೆ ರೇಗಾಡಿದೆನಲ್ಲ ಎನ್ನಿಸಿತು.

ಸಂಜೆ ಅವಳು ನೀಲಿ ಚೌಕಳಿಯಲ್ಲಿ ಅಡುಗೆಮನೆಯ ನೆಲ ಒರೆಸುತ್ತಿದ್ದಾಗ ಕೇಳಿದೆ, “ನಿಜವಾಗ್ಲೂ ನಂಗೇ ಏನಾದ್ರೂ ಆದ್ರೆ, ಇಷ್ಟೇ ಬೇಗ ಮಾಡ್ತೀಯಾ?”

“ಅವತ್ತು ನೀವು ಯಾವ ಶರ್ಟ್ ಹಾಕಿರ್ತೀರೋ ನೋಡ್ಬೇಕು” ಎಂದಳು.

ಆಮೇಲೆ ಸಂಘ ನಿಜವಾದ ಯಂತ್ರವನ್ನೇ ತರಿಸಿತು. ಕೃಷ್ಣಪ್ಪನವರು ಅದನ್ನು ಲಾಬಿಯ ಪೂರ್ವದ ಗೋಡೆಗೇ ಹಾಕಿಸಿದರು. ನಾನು ಈಗ ವಾಕಿಂಗಿಗೆ ಹೋಗುವಾಗ ವನಜಳಿಗೆ ಕಂಡರಾಗದ ಅಂಗಿಯನ್ನೇ ಹುಡುಕಿ ತೊಡುತ್ತೇನೆ. ಆದರೆ ಅವಳು ಯಲಹಂಕದ ತಂಗಿಯ ಮನೆಗೆ ಹೋದ ದಿನ ನನ್ನ ಪ್ರಾಣ ಕೃಷ್ಣಪ್ಪನವರ ಕೈಯಲ್ಲಿ. ಅಂಥ ದಿನ ಅಪಾರ್ಟ್‌ಮೆಂಟಿನ ಸುತ್ತ ಮೂರು ಕಡೆ ಆರಾಮಾಗಿ ನಡೆಯುತ್ತೇನೆ. ಜನರೇಟರಿನ ಪಕ್ಕದ ದಾರಿಯಲ್ಲಿ ಮಾತ್ರ ಮುಖ ಉತ್ತರಕ್ಕಿರುತ್ತದೆ. ಅಲ್ಲಿ ಮುಗ್ಗರಿಸಿ ಬಿದ್ದರೆ ತಲೆ ಎಲ್ಲಿಗೆ ಬರುತ್ತದೆಂದು ಗೊತ್ತಲ್ಲ, ಅದಕ್ಕೆ ಏದುಸಿರು ಬಿಡುತ್ತಾ ಓಡುತ್ತೇನೆ. ನಿಧಾನವಾಗಿ ನಡೆಯಿರಿ ಎಂದ ಡಾಕ್ಟರಿಗೆ ನಮ್ಮ ಅಧ್ಯಕ್ಷರ ವಿಷಯ ಏನು ಗೊತ್ತು?