ಯೇಸುವಿಗೆ ಮೇಷ್ಟ್ರ ಸಾಕ್ಷಿ

ಮೇಷ್ಟ್ರ ಮನೆಯಲ್ಲಿ ಭಾನುವಾರ ಬೆಳಗಿನ ಕಾಫಿಗೆ ಸಕ್ಕರೆ ಹಾಕುವಷ್ಟರಲ್ಲಿ ಜಗಳ ಹತ್ತಿಕೊಂಡಿತು. ಚರ್ಚಿನಿಂದ ಆಗಷ್ಟೇ ಬಂದಿದ್ದ ಅತ್ತೆ ಹಾಡು ಗುನುಗುತ್ತಿದ್ದರು. ಪೇಪರಿನ ಹಿಂದೆ ಅಡಗಿದ್ದ ಚಿಕ್ಕಪ್ಪ, "ಹುಟ್ಟೇ ಇಲ್ಲದವನಿಗೆ ಎಷ್ಟೊಂದು ಹಾಡು!" ಎಂದುಬಿಟ್ಟರು.

"ಯೇಸು ಹುಟ್ಟೇ ಇಲ್ವಾ? ನಿಮ್ಮ ತಲೆ!" ಅತ್ತೆ ಲೋಟ ಕುಕ್ಕಿದರು.

"ಪುರಾವೆ ತೋರ್ಸಿ ಮತ್ತೆ."

ಇಬ್ಬರೂ ಒಟ್ಟಿಗೇ ಮೇಷ್ಟ್ರ ಕಡೆ ತಿರುಗಿದರು.

"ನೀವೇ ಹೇಳಿ ಅಳಿಯಂದ್ರೆ!"

"ಹೇಳೋ, ಇತಿಹಾಸದ ಮೇಷ್ಟ್ರಲ್ವೇನೋ ನೀನು?"

ಮೇಷ್ಟ್ರ ಎದೆ ಗಾಳಿ ಹೊಡೆದ ಟ್ಯೂಬಿನಂತೆ ಉಬ್ಬಿತು. ಇಷ್ಟು ವರ್ಷದ ನೌಕರಿಯಲ್ಲಿ "ಸಾರ್, ಇದು ಪರೀಕ್ಷೆಗೆ ಬರುತ್ತಾ?" ಎಂಬುದನ್ನು ಬಿಟ್ಟರೆ ಯಾರೂ ಅವರನ್ನು ಏನೂ ಕೇಳಿರಲಿಲ್ಲ.

"ಕಾಫಿ ಕುಡೀತಾ ಹೇಳೋ ವಿಷಯ ಅಲ್ಲ ಇದು. ಸಂಜೆ ಹೇಳ್ತೀನಿ" ಎಂದು ಗತ್ತಿನಿಂದ ಎದ್ದರು.

ಅದೇ ತಪ್ಪಾಯಿತು. ಮಧ್ಯಾಹ್ನದೊಳಗೆ ಸುದ್ದಿ ಕಟ್ಟಡದ ಮೆಟ್ಟಿಲನ್ನೆಲ್ಲ ಹತ್ತಿಳಿದು, ಚರ್ಚಿನ ಹಾಲಿನಲ್ಲಿ ಮೇಷ್ಟ್ರ ಭಾಷಣ ಎಂದಾಗಿತ್ತು. ಮೇಲಿನ ಮನೆಯ ದರ್ಜಿ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದ. "ಸಾರ್, ಕೋಟಿನ ಗುಂಡಿ ಹೊಲಿದುಕೊಡ್ತೀನಿ. ಮಾತು ಮಾತ್ರ ಚರ್ಚಿನ ಕಡೆ ಇರ್ಲಿ."

ಎದುರು ಮನೆಯ ದಂತವೈದ್ಯೆ ಚಿಕ್ಕಪ್ಪನ ಪಕ್ಷ. "ಎಕ್ಸ್‌ರೇ ನೋಡ್ದೆ ನಾನು ಹಲ್ಲು ಮುಟ್ಟಲ್ಲ ಸಾರ್. ದೇವರಿಗೂ ಅದೇ ನಿಯಮ. ಹೆದರ್ಬೇಡಿ, ನಾವಿದೀವಿ."

"ರೀ, ತಲೆನೋವು ಅಂತ ಮಲ್ಕೊಂಡ್ಬಿಡಿ" ಎಂದಳು ಹೆಂಡತಿ.

"ಇತಿಹಾಸಕ್ಕೆ ತಲೆನೋವು ಬರಲ್ಲ ಕಣೇ!"

ಸಂಜೆ ಹಾಲು ಕಿಕ್ಕಿರಿದಿತ್ತು. ಎಡಗಡೆ ಅತ್ತೆಯ ಸೈನ್ಯ, ಬಲಗಡೆ ಚಿಕ್ಕಪ್ಪನದು. ಮೇಷ್ಟ್ರು ಯಾರ ಮುಖವನ್ನೂ ನೋಡದೆ ಶುರುಮಾಡಿದರು.

"ಯೇಸು ಬದುಕಿದ್ದ. ಇತಿಹಾಸಕಾರರಲ್ಲಿ ಬಹುಪಾಲು ಜನ, ನಂಬದವರೂ ಸೇರಿ, ಇದನ್ನ ಒಪ್ತಾರೆ. ಕ್ರೈಸ್ತರನ್ನ ಕಂಡರಾಗದ ರೋಮನ್ ಇತಿಹಾಸಕಾರನೇ, ರಾಜ್ಯಪಾಲ ಪಿಲಾತನ ಕಾಲದಲ್ಲಿ ಅವನಿಗೆ ಮರಣದಂಡನೆ ಆಯ್ತು ಅಂತ ಬರೆದಿದಾನೆ."

ಎಡಗಡೆಯವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಅತ್ತೆ ಪಕ್ಕದವರಿಗೆಲ್ಲ "ನಮ್ಮ ಅಳಿಯಂದ್ರು!" ಎಂದು ಹೇಳುವುದರಲ್ಲಿ ಮುಳುಗಿದರು.

ಗದ್ದಲದ ಮೇಲೆಯೇ ಮೇಷ್ಟ್ರು ದನಿ ಏರಿಸಿದರು. "ಸಮಾಧಿಯಿಂದ ಎದ್ದು ಬಂದ ಅಂತ ಶಿಷ್ಯರು ನಂಬಿದ್ರು, ಅದಕ್ಕೆ ಪುರಾವೆ ಇದೆ. ನಿಜವಾಗ್ಲೂ ಎದ್ದು ಬಂದ್ನಾ? ಅದನ್ನ ತೂಗೋ ತಕ್ಕಡಿ ಇತಿಹಾಸದ ಹತ್ರ ಇಲ್ಲ. ಅಲ್ಲಿಂದ ಮುಂದೆ ನಂಬಿಕೆ."

ಈಗ ಬಲಗಡೆಯವರ ಸರದಿ. ಚಿಕ್ಕಪ್ಪ ಸಿಳ್ಳೆಯನ್ನೇ ಹಾಕಿದರು.

ಮೇಷ್ಟ್ರು ಬೆವರೊರೆಸಿಕೊಂಡರು. ಅತ್ತೆಗೆ ಹೆದರಲಿಲ್ಲ, ಚಿಕ್ಕಪ್ಪನಿಗೆ ಬಾಗಲಿಲ್ಲ, ಗೊತ್ತಿದ್ದಷ್ಟನ್ನೇ ಹೇಳಿದ್ದರು. ಜೀವಮಾನದಲ್ಲಿ ಅಂಥ ಹೆಮ್ಮೆ ಅವರಿಗೆ ಆಗಿರಲಿಲ್ಲ.

ಅಷ್ಟರಲ್ಲಿ ಪಾದ್ರಿಗಳು ಮೈಕು ಹಿಡಿದರು. "ಇಷ್ಟು ಒಳ್ಳೆ ವಿಷಯ ಇಲ್ಲಿಗೇ ನಿಲ್ಲಬಾರದು. ಮುಂದಿನ ಭಾನುವಾರ ಇಲ್ಲೇ ಎರಡೂ ಪಕ್ಷದ ವಾದ ನಡೀಲಿ. ಸೋತ ಪಕ್ಷದ ಭಾಷಣಕಾರರು ವೇದಿಕೆ ಮೇಲೆ ಕ್ಷಮೆ ಕೇಳ್ಬೇಕು. ನಮ್ಮ ಕಡೆಯಿಂದ ಮೇಷ್ಟ್ರು!"

"ಅದು ಹೇಗಾಗುತ್ತೆ?" ಚಿಕ್ಕಪ್ಪ ಚಂಗನೆ ಎದ್ದರು. "ಅವನು ನಮ್ಮ ಕಡೆ ಭಾಷಣಕಾರ!"

ಅರ್ಧಗಂಟೆ ಎಳೆದಾಡಿದರೂ ಯಾರೂ ಮೇಷ್ಟ್ರನ್ನು ಬಿಟ್ಟುಕೊಡಲಿಲ್ಲ. ಕೊನೆಗೆ ಪಾದ್ರಿಗಳೇ ತೀರ್ಪು ಕೊಟ್ಟರು: "ಆಗ್ಲಿ, ಎರಡೂ ಕಡೆ ಅವರೇ ವಾದ ಮಾಡ್ಲಿ!"

ಆ ದಿನ ಮೊದಲ ಬಾರಿಗೆ ಇಡೀ ಹಾಲು ಒಟ್ಟಿಗೆ ಚಪ್ಪಾಳೆ ತಟ್ಟಿತು. ಮೇಷ್ಟ್ರು ತಲೆ ಎತ್ತಿ ಕೈ ಮುಗಿದರು.

ಹೆಂಡತಿ ಅವರ ಕಿವಿಯ ಹತ್ತಿರ ಬಗ್ಗಿದಳು. "ರೀ, ಯಾವ ಪಕ್ಷ ಗೆದ್ರೂ ಕ್ಷಮೆ ಕೇಳೋರು ನೀವೇ ಅಲ್ವಾ?"