ಹೊರಡುವ ಮುನ್ನವೇ ಹೊರಟ ಮಾಮಾ

ನನ್ನ ಸೋದರಮಾವ ದಿನ ತುಂಬುವ ಮೊದಲೇ ಹುಟ್ಟಿದವರು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನನಗೇನೋ ಅವರೇ ಒಳಗಿನಿಂದ ಅರ್ಜಿ ಗುಜರಾಯಿಸಿ, ಬೆನ್ನು ಹತ್ತಿ, ಬೇಗ ಬಿಡಿಸಿಕೊಂಡು ಬಂದಿರಬೇಕೆಂದು ಗುಮಾನಿ! ಏಕೆಂದರೆ ಯಾವ ಕೆಲಸವನ್ನಾದರೂ ಅದರ ಹೊತ್ತಿಗೆ ಮಾಡಿದ್ದನ್ನು ನಾನಂತೂ ಕಂಡಿಲ್ಲ. ಬಸ್ಸಿಗೆ ಹೋದರೆ ಅದಕ್ಕಿಂತ ಮೊದಲಿನ ಬಸ್ಸೂ ಹೊರಟಿರುತ್ತಿರಲಿಲ್ಲ. ಮದುವೆಗೆ ಹೋದರೆ ಹಂದರದವರು ಇವರ ಕೈಗೇ ಗಳ ಹಿಡಿಯಲು ಕೊಡುತ್ತಿದ್ದರು.

ಆಗ ನಾನು ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿ, ನಾಶಿಕದ ಪಂಚವಟಿಯಲ್ಲಿ ಮಾಮಾನ ಮನೆಯಲ್ಲೇ ಬಿಡಾರ ಹೂಡಿದ್ದೆ. ಮಾಮಾ ಧಾರವಾಡದ ಕಡೆಯವರು, ಒಂದು ಔಷಧಿ ಕಂಪನಿಯ ಗೋದಾಮು ನೋಡಿಕೊಳ್ಳುತ್ತಿದ್ದರು. ನಡುವೆ ಅಂಗಳ, ಸುತ್ತ ಬಾಡಿಗೆಯವರು ಇರುವ ಹಳೆಯ ವಾಡೆಯಲ್ಲಿ ಅವರ ಮನೆ. ಕಂಪನಿಯವರು ಔರಂಗಾಬಾದಿನಲ್ಲಿ ಹೊಸ ಗೋದಾಮು ತೆರೆದು ಇವರನ್ನು ಅಲ್ಲಿಗೆ ಕಳಿಸುತ್ತಾರಂತೆ ಎಂಬ ಸುದ್ದಿ ಬಂತು. ಆರ್ಡರು ಕೈಗೆ ಬರುವ ಮೊದಲೇ ಮಾಮಾ ಔರಂಗಾಬಾದಿಗೆ ಹೋಗಿ, ಮನೆ ಹಿಡಿದು, ಮುಂಗಡ ಕೊಟ್ಟು ಬಂದುಬಿಟ್ಟರು.

ಮಾಮಿಯ ಸಂಕಟವೇ ಬೇರೆ. ಮಗಳು ಶಾಂತಾಳನ್ನು ನೋಡಲು ಬೆಳಗಾವಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಈ ಮೊದಲು ಬಂದಿದ್ದ ಎರಡು ಸಂಬಂಧಗಳು ಕೈತಪ್ಪಿದ್ದವು. ಇದಾದರೂ ಕೂಡಿಬರಲಿ ಎಂದು ಅವರು ಸೋಮವಾರದ ಉಪವಾಸ ಹಿಡಿದಿದ್ದರು. ಬೆಳಗಾವಿಯವರು ಬಂದು ಹೋಗುವ ತನಕ ಯಾವುದನ್ನೂ ಕದಲಿಸಬೇಡಿರೆಂದು ಗಂಡನನ್ನು ಪರಿಪರಿಯಾಗಿ ಬೇಡಿಕೊಂಡರು. ಮಾಮಾ ಹೂಂ ಎಂದರು. ಹೂಂ ಎನ್ನುವುದರಲ್ಲೂ ಅವರದು ಅವಸರವೇ.

ಮೊದಲು ಹೋದದ್ದು ರೇಷನ್ ಕಾರ್ಡು. ಹಳೆಯ ಊರಿನ ಕಾರ್ಡು ರದ್ದಾದ ದಾಖಲೆ ಇಲ್ಲದಿದ್ದರೆ ಹೊಸ ಊರಿನಲ್ಲಿ ಸಕ್ಕರೆ ಸಿಗುವುದಿಲ್ಲವಲ್ಲ! ಮಾಮಾ ಹೋಗಿ ಕಾರ್ಡು ಒಪ್ಪಿಸಿ, ದಾಖಲೆ ಹಿಡಿದು, ಯುದ್ಧ ಗೆದ್ದವರಂತೆ ಬಂದರು. ಹೊಸ ಊರಿನ ಸಕ್ಕರೆಗೆ ದಾರಿಯೇನೋ ಆಯಿತು, ಈ ಊರಿನ ಸಕ್ಕರೆ ಅವತ್ತೇ ನಿಂತಿತು. ಮರುದಿನದಿಂದ ನಾವು ಬೆಲ್ಲದ ಚಹಾ ಕುಡಿದೆವು.

ಆಮೇಲೆ ಕರೆಂಟು. ಮೀಟರು ತೆಗೆಸಲು ಅರ್ಜಿ ಹಾಕಿದರೆ ಸರಕಾರಿ ಮಂದಿ ತಿಂಗಳಾದರೂ ತಿರುಗಿ ನೋಡುವುದಿಲ್ಲ, ಅದಕ್ಕೇ ತಿಂಗಳು ಮೊದಲೇ ಹಾಕಬೇಕು ಎಂಬುದು ಮಾಮಾನ ಸಿದ್ಧಾಂತ. ಒಂದು ಫ್ಯೂಸು ಹೋದರೆ ಹಬ್ಬ ಕಳೆದ ಮೇಲೆ ಬರುತ್ತಿದ್ದ ಆ ಲೈನ್‌ಮನ್, ಅದೇನು ಗ್ರಹಚಾರವೋ, ಮರುದಿನ ಬೆಳಿಗ್ಗೆಯೇ ಏಣಿ ಹೊತ್ತು ಬಂದು ನಿಂತ! ಮಾಮಾ ಅವನ ಚುರುಕನ್ನು ಬಾಯ್ತುಂಬ ಹೊಗಳಿ ಬೆಲ್ಲದ ಚಹಾ ಕುಡಿಸಿದರು. ಅವನು ಚಹಾ ಕುಡಿದು, ವೈರು ಕತ್ತರಿಸಿ, ನಮಸ್ಕಾರ ಹೇಳಿ ಹೋದ. ನಡುಬೇಸಿಗೆಯಲ್ಲಿ ಫ್ಯಾನು ನಿಂತಿತು. ಕಂದೀಲು ಹಚ್ಚೋಣವೆಂದರೆ ಸೀಮೆಎಣ್ಣೆಗೆ ರೇಷನ್ ಕಾರ್ಡು ಬೇಕು! ಮಾಮಿ ಒಂದು ಮಾತೂ ಆಡದೆ ಮೇಣದಬತ್ತಿ ತರಿಸಿದರು. ಅವರು ಬೈದಿದ್ದರೇ ಚೆನ್ನಾಗಿತ್ತು ಎಂದು ನನಗನ್ನಿಸಿತು.

ಅಷ್ಟಕ್ಕೇ ನಿಂತರೆ ಅವರು ನಮ್ಮ ಮಾಮಾ ಹೇಗಾದಾರು? ಪೋಸ್ಟ್ ಆಫೀಸಿಗೆ ಹೋಗಿ, ನಮ್ಮ ಟಪಾಲನ್ನೆಲ್ಲ ಇನ್ನು ಔರಂಗಾಬಾದಿಗೇ ಕಳಿಸಿರೆಂದು ಬರೆದುಕೊಟ್ಟು ಬಂದರು. ಬೆಳಗಾವಿಯ ಪತ್ರದ ಗತಿಯೇನೆಂದು ಶಾಂತಾ ಮೆಲ್ಲಗೆ ಕೇಳಿದಳು. ಪತ್ರ ಅಲ್ಲಿಗೆ ಮುಟ್ಟುವುದರೊಳಗೆ ನಾವೇ ಅಲ್ಲಿರುತ್ತೇವೆ ಎಂದು ಮಾಮಾ ಅಭಯ ಕೊಟ್ಟರು.

ಕೊನೆಗೆ ಬಂತು ಲಾರಿ. ಔರಂಗಾಬಾದಿನಾಚೆಯ ಸಿಲ್ಲೋಡಿನಿಂದ ಹತ್ತಿಯ ಗಂಟು ತರಲು ಗುರುತಿನವರ ಲಾರಿಯೊಂದು ಆ ಊರಿನ ಮೇಲೆಯೇ ಖಾಲಿ ಹೋಗುತ್ತಿತ್ತು. ಖಾಲಿ ಲಾರಿ ಕಂಡು ಸುಮ್ಮನಿರುವುದು ಮಾಮಾನ ಜಾಯಮಾನಕ್ಕೆ ಒಗ್ಗುವ ಮಾತೇ? ನಾನು ಕಾರ್ಖಾನೆಯಲ್ಲಿ, ಮಾಮಿ ಮತ್ತು ಶಾಂತಾ ಗೋದಾವರಿಯ ದಂಡೆಯ ಗುಡಿಯಲ್ಲಿ. ತಿರುಗಿ ಬಂದು ನೋಡಿದರೆ ಮಂಚ, ಕುರ್ಚಿ, ಹಂಡೆ, ಕನ್ನಡಿ ಎಲ್ಲ ಹೊರಟುಹೋಗಿವೆ! ಉಳಿದದ್ದು ಒಂದು ಚಾಪೆ, ಇದ್ದಿಲ ಸಿಗಡಿ, ನಾಲ್ಕು ಪಾತ್ರೆ, ಮತ್ತು ನಡುಮನೆಯಲ್ಲಿ ಬೆವರೊರೆಸಿಕೊಳ್ಳುತ್ತ ನಗುತ್ತಿರುವ ಮಾಮಾ. ಹೆಣ್ಣು ನೋಡುವ ದಿನ ಉಡಲೆಂದು ತೆಗೆದಿಟ್ಟ ರೇಷ್ಮೆ ಸೀರೆಯ ಟ್ರಂಕೂ ಹೋಗಿತ್ತು. ಅವತ್ತು ಮಾಮಿ ಗೋಡೆಗೆ ಒರಗಿ ಅತ್ತರು. ಅದನ್ನು ನೋಡಿ ನನಗೂ ಮಾಮಾನ ಮೇಲೆ ನಿಜವಾಗಿ ಸಿಟ್ಟು ಬಂತು.

ಅದಾದ ಸ್ವಲ್ಪ ದಿನಕ್ಕೆ, ಒಂದು ಸಂಜೆ, ವಾಡೆಯ ಮುಂದೆ ಟಾಂಗಾ ನಿಂತಿತು. ಇಳಿದವರು ಬೆಳಗಾವಿಯವರು! ಹುಡುಗ, ಅವನ ತಂದೆ, ತಾಯಿ. ಇಂಥ ದಿನ ಬರುತ್ತೇವೆಂದು ಪತ್ರ ಬರೆದಿದ್ದೆವಲ್ಲ, ಮುಟ್ಟಲಿಲ್ಲವೇ ಎಂದು ತಂದೆ ಕೇಳಿದರು.

"ಮುಟ್ಟೇದರಿ," ಎಂದೆ ನಾನು. "ಔರಂಗಾಬಾದಿಗೆ."

ಹುಡುಗನ ತಾಯಿ ಬರಿದಾದ ಗೋಡೆಗಳನ್ನು ನೋಡಿದರು, ಮಿಣುಕುವ ಮೇಣದಬತ್ತಿಯನ್ನು ನೋಡಿದರು, ಬಳಿಕ ತಮ್ಮ ಗಂಡನ ಮುಖ ನೋಡಿದರು. ಮನೆ ಜಪ್ತಿಯಾಗಿದೆ ಎಂದುಕೊಂಡರೋ ಏನೋ! ಔರಂಗಾಬಾದಿಗೆ ವರ್ಗವಾಗುವ ಸಂಗತಿಯನ್ನು ಮಾಮಿಯೇ ಗಡಿಬಿಡಿಯಿಂದ ಹೇಳಿದರು. ಮಾಮಾ ಮೊಟ್ಟಮೊದಲ ಸಲ ಏನು ಮಾಡಬೇಕೆಂದು ತಿಳಿಯದೆ, ಒಂದೇ ಒಂದು ಚಾಪೆಯನ್ನು ಹಾಸಿ, ಮಡಚಿ, ಮತ್ತೆ ಹಾಸಿದರು.

ನಾನು ಹಿಂದಿನ ಬಾಗಿಲಿನಿಂದ ಓಡಿದೆ. ಎದುರುಮನೆಯ ಮರಾಠಿ ಕಾಕು ಎರಡು ಮಾತು ಕೇಳುವುದರೊಳಗೆ ಪೆಟ್ಟಿಗೆ ತೆರೆದು ತಮ್ಮ ಮಗಳ ಹಸಿರು ಸೀರೆ ತೆಗೆದರು. ಅಂಗಳದ ನಾಲ್ಕು ಕಡೆಯಿಂದ ನಾಲ್ಕು ಬಗೆಯ ಕುರ್ಚಿಗಳು ಬಂದವು. ಯಾರೋ ಪೆಟ್ರೋಮ್ಯಾಕ್ಸ್ ತಂದು ತೂಗುಹಾಕಿದರು. ಮೂಲೆಯಲ್ಲಿ ಹೋಟೆಲು ನಡೆಸುತ್ತಿದ್ದ ಕುಂದಾಪುರದ ಭಟ್ಟರು ಉಪ್ಪಿಟ್ಟು, ಶಿರಾ, ಕಾಫಿಯನ್ನು ತಾವೇ ಹೊತ್ತು ತಂದು, ಮನೆಯವರಂತೆ ನಿಂತು ಬಡಿಸಿದರು. ಹುಡುಗಿಯ ಕಡೆ ಬಳಗ ದೊಡ್ಡದೆಂದು ಬೀಗರಿಗೆ ಗೊತ್ತಾಗಲಿ ಎಂದು ವಾಡೆಯವರೆಲ್ಲ ಬಾಗಿಲಲ್ಲಿ ಜಮಾಯಿಸಿದರು.

ಶಾಂತಾ ಬಂದು ಕುಳಿತಳು. ಅಡಿಗೆ ಬರುತ್ತದೆಯೇ ಎಂದು ಹುಡುಗನ ತಾಯಿ ಕೇಳಿದರು. ನಾಶಿಕದಲ್ಲೇ ಬೆಳೆದ ಹುಡುಗಿ, ಕನ್ನಡಕ್ಕೆ ಮರಾಠಿ ಬೆರೆಸಿ ಮಾತಾಡುವವಳು.

"ಸ್ವಯಂಪಾಕ ಬರ್ತದರಿ," ಎಂದಳು. ಆಮೇಲೆ ಅಪ್ಪನತ್ತ ಒಂದು ನೋಟ ಹಾಕಿ, "ಈಗ ಭಾಂಡಿ-ಪಾತ್ರಿ ಇಲ್ದನೂ ಮಾಡ್ಲಿಕ್ಕೆ ಬರ್ತದ."

ಹುಡುಗ ಕಾಫಿ ಬಟ್ಟಲು ಕೆಳಗಿಟ್ಟು ನಕ್ಕ. ಅವನ ತಾಯಿಯೂ ನಕ್ಕರು. ನಕ್ಕ ಮೇಲೆ ಇನ್ನೇನು ಪರೀಕ್ಷೆ! ಮೂವರೂ ಅಂಗಳಕ್ಕೆ ಹೋಗಿ ಗುಸುಗುಸು ಮಾತಾಡಿ ಬಂದರು.

"ಹುಡುಗಿ ನಮ್ಮ ಮನಸ್ಸಿಗೆ ಬಂದಾಳ್ರಿ," ಎಂದರು ತಂದೆ. "ನೀವು ಊರು ಬಿಡೂದರೊಳಗ, ಇದೇ ವೈಶಾಖದಾಗ ಲಗ್ನ ಮುಗಿಸಿಬಿಡೂಣು. ನೀವೇನಂತೀರಿ?"

ಎಲ್ಲರೂ ಮಾಮಾನ ಕಡೆ ತಿರುಗಿದೆವು. ಈಗ ಇವರು ಜೇಬಿನಿಂದ ಮಂಗಲ ಕಾರ್ಯಾಲಯದ ರಸೀದಿಯನ್ನೇ ತೆಗೆಯುತ್ತಾರೆ, ನಾಳೆ ಬೆಳಿಗ್ಗೆಯೇ ಅಕ್ಷತೆ ಎನ್ನುತ್ತಾರೆ ಎಂದು ನಾನು ಕಾದೆ. ಮಾಮಿಯೂ ಅದೇ ಭಯದಲ್ಲಿ ಸೆರಗು ಬಿಗಿಹಿಡಿದು ನಿಂತಿದ್ದರು.

ಮಾಮಾ ಎದ್ದು ನಿಂತರು. ಮಗಳನ್ನು ಒಮ್ಮೆ ನೋಡಿದರು. ಬೀಗರಿಗೆ ಎರಡೂ ಕೈ ಮುಗಿದರು.

"ಇಷ್ಟು ಲಗೂ ಬ್ಯಾಡ್ರಿ," ಎಂದರು. "ಆಕಿ ಹೊಸ ಮನೀನ ಇನ್ನೂ ನೋಡಿಲ್ಲ. ಆಕಿ ಇಲ್ದ ಆ ಮನ್ಯಾಗ ನಾ ಹ್ಯಾಂಗ ಕಾಲಿಡಲಿ? ಒಂದು ದೀಪಾವಳಿ ನಮ್ಮ ಜೋಡಿ ಇರ್ಲಿ. ಒಂದ."

ಯಾವ ಆಫೀಸಿನಲ್ಲೂ, ಯಾರ ಹತ್ತಿರವೂ ಒಂದು ದಿನದ ಗಡುವು ಕೇಳದ ಮನುಷ್ಯ! ಲಾರಿ ಹೋದಂದಿನಿಂದ ಅವರ ಮೇಲೆ ಹೊತ್ತಿ ಉರಿಯುತ್ತಿದ್ದ ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಮಾಮಿ ಹತ್ತಿರ ಬಂದು ಗಂಡನ ಪಕ್ಕದಲ್ಲಿ ನಿಂತರು. ಶಾಂತಾ ತಲೆಯೆತ್ತಲಿಲ್ಲ, ಎರವಲು ಸೀರೆಯ ಮೇಲೆ ಟಪಟಪ ಹನಿ ಬಿದ್ದವು.

ಬೆಳಗಾವಿಯ ತಂದೆಗೂ ಹೆಣ್ಣುಮಕ್ಕಳಿದ್ದರೆಂದು ಕಾಣುತ್ತದೆ. ಆಗಲಿ, ದೀಪಾವಳಿ ಕಳೆದ ಮೇಲೆಯೇ ಮಾಡೋಣ ಎಂದು ಒಪ್ಪಿದರು.

ಮಾಮಾ ಧೋತರದ ಅಂಚಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದರು:

"ದೀಪಾವಳಿ, ಬರೋ ವರ್ಷದ್ದು ಆದರ ನಡೀತದೇನ್ರಿ?"